ನೆರೆ ಪರಿಶೀಲನಾ ಸಮಿತಿ ನಿಮ್ಮ ಲೇಔಟ್‌ಗೂ ಬರುತ್ತೆ, ಸಹಿ ಹಾಕೋ ಮುಂಚೆ ಇದನ್ನು ಓದಿ

ಬೆಂಗಳೂರಿನ ಮಹದೇವಪುರ, ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಕೆರೆ ಕೆಳಗಿನ ಲೇಔಟ್‌ಗಳಲ್ಲಿ ಮನೆ ತಗೊಂಡಿರೋರೆಲ್ಲ ದಯವಿಟ್ಟು ಪೂರ್ತಿ ಓದಿ. ಕೋಪದಲ್ಲಿ ಬರೀತಿದ್ದೀನಿ, ಹಿಂದೆ ಮುಂದೆ ಆದರೆ ಹೊಂದಿಸಿಕೊಳ್ಳಿ.

2022ರ ಸೆಪ್ಟೆಂಬರ್ 4ರ ರಾತ್ರಿ ಮಳೆಗೆ ನಮ್ಮ ಲೇಔಟ್ ಮುಳುಗಿ ಏನಾಯ್ತು ಅಂತ ಯಾರಿಗೂ ಹೇಳಬೇಕಾಗಿಲ್ಲ. ಟ್ರ್ಯಾಕ್ಟರ್‌ನಲ್ಲಿ ಆಫೀಸಿಗೆ ಹೋದವರ ಫೋಟೊ ದೇಶವೆಲ್ಲ ನೋಡಿ ನಕ್ಕಿತು. ನಮ್ಮದು ನೆಲಮಹಡಿ. ಫ್ರಿಡ್ಜು, ಸೋಫಾ, ಮಗಳ ಪುಸ್ತಕ, ಎಲ್ಲ ಹೋಯ್ತು. ಆಮೇಲೆ ಒಂದು ಪರಿಶೀಲನಾ ಸಮಿತಿ ಬಂತು. "ಸ್ವತಂತ್ರ" ಸಮಿತಿ ಅಂತ ನೋಟಿಸ್‌ನಲ್ಲೇ ದಪ್ಪ ಅಕ್ಷರದಲ್ಲಿತ್ತು. ಯಾವ ಇಲಾಖೆ, ಯಾರು ಅನ್ನೋದನ್ನು ಇಲ್ಲಿ ಬರೆಯಲ್ಲ, ವಕೀಲರು ಬೇಡ ಅಂದಿದ್ದಾರೆ.

ಸಭೆ ಕರೆದರು. ಶಾಮಿಯಾನ, ಟೀ, ಬಿಸ್ಕತ್ತು. ಮನೆಮನೆಗೆ ಹೋಗಿ ಜನ ಸೇರಿಸಿದ್ದು ನಾನೇ. ನೀರು ಯಾವ ಮೋರಿಯಿಂದ ಹಿಂದಕ್ಕೆ ಒತ್ತಿಕೊಂಡು ಬಂತು, ರಾಜಕಾಲುವೆ (ಮಳೆನೀರು ಹರಿಯೋ ದೊಡ್ಡ ಕಾಲುವೆ) ಎಲ್ಲಿ ಕಿರಿದಾಗಿದೆ, ಎಲ್ಲದರ ವಿಡಿಯೊ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟೆವು. ಮೇಲಿನ ಬೀದಿಯ ನಿವೃತ್ತ ಮೇಷ್ಟ್ರು ಹಳೇ ಗ್ರಾಮ ನಕ್ಷೆಯ ಪ್ರತಿಯನ್ನೇ ತಂದಿದ್ದರು. ಸಮಿತಿಯ ತಾಂತ್ರಿಕ ಸಲಹೆಗಾರರು ಅದನ್ನು ನೋಡಿ "ವೆರಿ ಯೂಸ್‌ಫುಲ್ ಸರ್" ಅಂದರು. ಎಷ್ಟು ವಿನಯ! ಹೋಗುವಾಗ ಒಬ್ಬ ಹುಡುಗ ರಿಜಿಸ್ಟರ್ ಹಿಡಿದು ಬಂದ, "ಹಾಜರಾತಿಗೆ ಒಂದು ಸಹಿ ಸರ್" ಅಂದ. ಎಲ್ಲರೂ ಹಾಕಿದೆವು. ಮೊದಲ ಸಹಿ ನನ್ನದು.

ವರದಿ ಬಂತು. ಮೊದಲ ಪುಟದಲ್ಲೇ ತೀರ್ಪು: 24 ಗಂಟೆಯಲ್ಲಿ 131.6 ಮಿ.ಮೀ. ಮಳೆ, ಅಸಾಧಾರಣ, ಯಾವ ಚರಂಡಿಯೂ ತಡೆಯಲ್ಲ. ಅಂದರೆ ತಪ್ಪು ಮೋಡದ್ದು. ಮಳೆ ಜೋರಾಗಿಯೇ ಬಂತು, ಇಲ್ಲ ಅಂದವರು ಯಾರು? ಆದರೆ ಅದೇ ಮಳೆಗೆ ಪಕ್ಕದ ಹಳೇ ಊರಿನ ಮನೆಗಳಿಗೆ ನೀರು ನುಗ್ಗಲಿಲ್ಲ, ನಮಗೇ ಯಾಕೆ ನುಗ್ಗಿತು? ಅದಕ್ಕೆ ಒಂದು ಸಾಲೂ ಇಲ್ಲ. ಮೇಷ್ಟ್ರ ನಕ್ಷೆ ಇಲ್ಲ. ನಮ್ಮ ವಿಡಿಯೊಗಳಿಗೆ ಸಿಕ್ಕಿದ್ದು "ನಿವಾಸಿಗಳು ಕೆಲವು ಅನಿಸಿಕೆಗಳನ್ನು ಹಂಚಿಕೊಂಡರು" ಅನ್ನೋ ಒಂದೇ ವಾಕ್ಯ.

ಅನುಬಂಧ ತೆರೆದೆ. ರಾಜಕಾಲುವೆಯ ಅಡ್ಡಸೀಳು ನಕ್ಷೆ. ಎಲ್ಲೋ ನೋಡಿದ್ದೀನಲ್ಲ ಅನ್ನಿಸಿತು. ಬಿಲ್ಡರ್ ಮನೆ ಒಪ್ಪಿಸುವಾಗ ಕೊಟ್ಟಿದ್ದ ಫೈಲ್ ಹುಡುಕಿ ತೆಗೆದೆ. ಅದೇ ನಕ್ಷೆ. ಗೆರೆಗೆ ಗೆರೆ ಅದೇ. ಬಿಲ್ಡರ್ ನಕ್ಷೆಯಲ್ಲಿ ನಮ್ಮ ಲೇಔಟಿನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು, ಆ ತಪ್ಪೂ ವರದಿಯಲ್ಲಿ ಹಾಗೇ ಇತ್ತು! ಬಿಲ್ಡರ್‌ಗೆ ಮಳೆನೀರು ಚರಂಡಿಯ ಪ್ಲಾನ್ ಮಾಡಿಕೊಟ್ಟ ಸಂಸ್ಥೆಯವರೇ ಸಮಿತಿಯ ತಾಂತ್ರಿಕ ಸಲಹೆಗಾರರು. ತಾವೇ ಹಾಕಿದ ಚರಂಡಿ ಸರಿ ಇತ್ತಾ ಅಂತ ತಾವೇ ಪರೀಕ್ಷೆ ಮಾಡಿ, ತಾವೇ ಪಾಸ್ ಮಾಡಿಕೊಂಡಿದ್ದಾರೆ. ಗ್ರಾಮ ನಕ್ಷೆಯ ಅಗಲ ಬಿಟ್ಟು ಬಿಲ್ಡರ್ ನಕ್ಷೆಯ ಅಗಲ ಹಿಡಿದರೆ ಒತ್ತುವರಿ ಕಾಣೋದಾದರೂ ಹೇಗೆ?

ಕೊನೇ ಪುಟದಲ್ಲಿ ನಮ್ಮ ಹಾಜರಾತಿ ಪಟ್ಟಿ. ಮೇಲೆ ಶೀರ್ಷಿಕೆ: "ಸಾರ್ವಜನಿಕ ಸಮಾಲೋಚನೆ ನಡೆಸಿದ್ದಕ್ಕೆ ದಾಖಲೆ". ಮೊದಲ ಸಹಿ ನನ್ನದು! ಟೀ ಕುಡಿದು ಹಾಕಿದ ಸಹಿ ಈಗ ಅವರ ವರದಿಗೆ ನಮ್ಮ ಒಪ್ಪಿಗೆ ಥರ ಕೂತಿದೆ. ಮೇಷ್ಟ್ರಿಗೆ ಅದನ್ನು ತೋರಿಸುವಾಗ ನನಗೆ ತಲೆ ಎತ್ತೋಕೆ ಆಗಲಿಲ್ಲ.

ಆ ಸಲಹೆಗಾರರಿಗೇ ಫೋನ್ ಮಾಡಿದೆ. ಉತ್ತರಗಳನ್ನು ಕೇಳಿ.

"ಅದು ಬೇರೆ ಪ್ರಾಜೆಕ್ಟ್ ಸರ್, ಇದು ಬೇರೆ ಅಸೈನ್‌ಮೆಂಟ್."

ಎರಡೂ ಒಂದೇ ಕಾಲುವೆ ಅಲ್ವಾ ಅಂದೆ. "ಈ ಊರಲ್ಲಿ ಹೈಡ್ರಾಲಜಿ ಗೊತ್ತಿರೋರು ನಾಲ್ಕೇ ಜನ ಸರ್. ಎಲ್ಲಿ ಹೋದ್ರೂ ನಾವೇ ಇರ್ತೀವಿ." ನಗ್ತಾ ಹೇಳಿದ್ದು ಇದನ್ನು.

ಕಾಲುವೆಯಿಂದ ಬಿಡಬೇಕಾದ ಜಾಗದ ಬಗ್ಗೆ ಕೇಳಿದ್ದಕ್ಕೆ: "ಬಫರ್ ಎಲ್ಲ ಸುಪ್ರೀಂ ಕೋರ್ಟೇ 2019ರಲ್ಲಿ ತೆಗೆದುಹಾಕಿದೆಯಲ್ಲ ಸರ್." ಅರ್ಧ ಸತ್ಯ. ಕೋರ್ಟ್ ತೆಗೆದಿದ್ದು ಹಸಿರು ನ್ಯಾಯಮಂಡಳಿ 2016ರಲ್ಲಿ ಹೆಚ್ಚಿಸಿದ ಅಳತೆಯನ್ನು ಮಾತ್ರ. 2015ರ ಮಾಸ್ಟರ್ ಪ್ಲಾನಿನ ಅಳತೆ, ಅಂದರೆ ದೊಡ್ಡ ಕಾಲುವೆಗೆ 50 ಮೀಟರ್, ಎರಡನೇ ದರ್ಜೆಯದಕ್ಕೆ 25, ಮೂರನೆಯದಕ್ಕೆ 15, ಹಾಗೇ ಉಳಿದಿತ್ತು. ಇದು ಅವರಿಗೆ ಗೊತ್ತಿಲ್ಲ ಅಂದರೆ ನಂಬಬೇಕಾ?

ಸಲಹೆಗಾರರನ್ನು ಹೇಗೆ ಆರಿಸಿದಿರಿ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಅರ್ಜಿ 150 ಪದ ಮೀರಿದೆ, ಒಂದಕ್ಕಿಂತ ಹೆಚ್ಚು ವಿಷಯ ಇದೆ ಅಂತ ವಾಪಸ್. ನಮ್ಮ ರಾಜ್ಯದ ನಿಯಮ ಹಾಗೇ ಇದೆ, ಸರಿ. ಚಿಕ್ಕದು ಮಾಡಿ ಹಾಕಿದರೆ "ಮೂರನೇ ವ್ಯಕ್ತಿಯ ವಾಣಿಜ್ಯ ಮಾಹಿತಿ, ಕೊಡಲಾಗದು". ಸರ್ಕಾರದ ದುಡ್ಡಲ್ಲಿ ವರದಿ ಬರೆದವರು ನಮಗೆ ಮೂರನೇ ವ್ಯಕ್ತಿಯಂತೆ.

ಮೆಲ್ಬರ್ನ್‌ನಲ್ಲಿರೋ ನನ್ನ ಭಾವಮೈದ ಇದನ್ನು ಕೇಳಿ ಅಲ್ಲಿನ ಕಥೆ ಹೇಳಿದ. 2022ರ ಅಕ್ಟೋಬರ್‌ನಲ್ಲಿ ಅಲ್ಲಿ ಮರಿಬರ್ನಾಂಗ್ ನದಿ ಉಕ್ಕಿ ನೂರಾರು ಮನೆಗೆ ನುಗ್ಗಿತು. ಪರಿಶೀಲನೆ ನಡೆಸಲು ಸಮಿತಿ ಮಾಡಿದ್ದು ನದಿ, ಚರಂಡಿ ನೋಡಿಕೊಳ್ಳೋ ಮೆಲ್ಬರ್ನ್ ವಾಟರ್ ಸಂಸ್ಥೆಯೇ, ಜನ ಅದಕ್ಕೇ ಬೈದರು. ಆಮೇಲೆ ನೋಡಿದರೆ ಸಮಿತಿ ಅಧ್ಯಕ್ಷರು ಹಿಂದೆ ಆ ನದಿ ದಡದ ಒಂದು ನಿವೃತ್ತರ ವಸತಿಗೆ ಸಂಬಂಧಿಸಿದ ಯೋಜನಾ ಮಂಡಳಿಯಲ್ಲಿ ಕೂತಿದ್ದವರು, ಆ ವಸತಿಗೂ ನೀರು ನುಗ್ಗಿತ್ತು. ಅವರು ಇಳಿದರು, ನಿವೃತ್ತ ನ್ಯಾಯಾಧೀಶ ಟೋನಿ ಪಗೋನ್ ಬಂದರು. ಅಲ್ಲಿ ಇಳಿಯೋಕಾದರೂ ನಾಚಿಕೆ ಇತ್ತು.

ನಮ್ಮ ಪಕ್ಕದಲ್ಲೂ ಇದೆ ನೋಡಿ. 2018ರ ಕೇರಳ ನೆರೆಗೆ ಅಣೆಕಟ್ಟುಗಳು ಕಾರಣವಲ್ಲ ಅಂತ ಕೇಂದ್ರ ಜಲ ಆಯೋಗ ತಿಂಗಳೊಳಗೆ ವರದಿ ಕೊಟ್ಟಿತು. ಅಣೆಕಟ್ಟುಗಳ ವಿಷಯದಲ್ಲಿ ದೇಶಕ್ಕೆಲ್ಲ ಸಲಹೆ ಕೊಡೋದು ಅದೇ ಆಯೋಗ. 2019ರ ಏಪ್ರಿಲ್‌ನಲ್ಲಿ ಅಲ್ಲಿನ ಹೈಕೋರ್ಟಿಗೆ ಅಮಿಕಸ್ ಕ್ಯೂರಿ (ಕೋರ್ಟಿಗೆ ನೆರವಾಗೋ ವಕೀಲರು) ವರದಿ ಸಲ್ಲಿಸಿ, ನ್ಯಾಯಾಧೀಶರ ನೇತೃತ್ವದಲ್ಲಿ ಸ್ವತಂತ್ರ ತಜ್ಞರ ತನಿಖೆ ಬೇಕು ಅಂದರು. ಬೆಂಗಳೂರಿನ ಕಾಲುವೆಗಳ ಬಗ್ಗೆ ಮಹಾಲೇಖಪಾಲರ ವರದಿ 2021ರಲ್ಲೇ ಬಂದಿತ್ತು, ಕೆರೆ-ಕಾಲುವೆ ಕೊಂಡಿ ತಪ್ಪಿದೆ, ಒತ್ತುವರಿ ಆಗಿದೆ ಅಂತ. ನಮ್ಮ "ಸ್ವತಂತ್ರ" ವರದಿಯಲ್ಲಿ ಅದರ ಹೆಸರೂ ಇಲ್ಲ.

ಈಗ ನಿಮಗೆ. ಸಮಿತಿ ಬಂದರೆ ಟೀ ಕುಡಿಯೋ ಮುಂಚೆ ಒಂದೇ ಪ್ರಶ್ನೆ ಕೇಳಿ: ಈ ಏರಿಯಾದಲ್ಲಿ ಯಾವ ಬಿಲ್ಡರ್‌ಗೆ, ಯಾವ ಇಲಾಖೆಗೆ ಕೆಲಸ ಮಾಡಿದ್ದೀರಿ, ಬರೆದು ಕೊಡಿ. ಕೊಡಲ್ಲ ಅಂದರೆ ಎದ್ದು ಬನ್ನಿ. ಹಾಜರಾತಿಗೆ ಸಹಿ ಹಾಕಲೇಬೇಕಾದರೆ ಪಕ್ಕದಲ್ಲೇ "ಹಾಜರಿ ಮಾತ್ರ, ವರದಿಗೆ ಒಪ್ಪಿಗೆ ಅಲ್ಲ" ಅಂತ ಬರೆದು, ಪುಟದ ಫೋಟೊ ತೆಗೆದುಕೊಳ್ಳಿ. ನಕ್ಷೆ, ವಿಡಿಯೊ ಕೊಟ್ಟರೆ ಸ್ವೀಕೃತಿ ಸೀಲ್ ಹಾಕಿಸಿ. ವಿನಯಕ್ಕೆ ಮರುಳಾಗಬೇಡಿ. ಇದನ್ನು ಮತ್ತೆ ಹೇಳ್ತೀನಿ, ವಿನಯಕ್ಕೆ ಮರುಳಾಗಬೇಡಿ.

ಮಾಹಿತಿ ಹಕ್ಕಿನ ನನ್ನ ಮೊದಲ ಮೇಲ್ಮನವಿ ಇನ್ನೂ ಬಾಕಿ ಇದೆ. ಕೆರೆ ಆಚೆಗಿನ ಲೇಔಟಿನವರಿಗೆ ಮೊನ್ನೆ ಸಭೆಯ ನೋಟಿಸ್ ಬಂದಿದೆಯಂತೆ, ಸಲಹೆಗಾರರು ಇವರೇ. ಅಲ್ಲಿನವರು ಯಾರಾದರೂ ಇದನ್ನು ಓದುತ್ತಿದ್ದರೆ ನನಗೆ ಮೆಸೇಜ್ ಮಾಡಿ, ಎರಡೂ ನಕ್ಷೆಗಳ ಪ್ರತಿ ಕಳಿಸ್ತೀನಿ.