ಬಸುರಿಯ ತಾಟಿನ ಪಕ್ಕ ಕ್ರಿಯಾನ್ 25000: ವಿಜಯಪುರದ ಊಟಕ್ಕೆ ಹೊಂದುತ್ತದೆಯೇ?

ಸಿಸ್ಟಿಕ್ ಫೈಬ್ರೋಸಿಸ್ (ಮೈಯೊಳಗಿನ ಲೋಳೆ ಗಟ್ಟಿಯಾಗಿ ಮೇದೋಜೀರಕದ ದಾರಿ ಕಟ್ಟುವ, ಹುಟ್ಟಿನಿಂದ ಬರುವ ಕಾಯಿಲೆ) ಇರುವ ಹೆಣ್ಣುಮಕ್ಕಳಿಗೆ ಬಸಿರು ನಿಲ್ಲುವುದೇ ಇಲ್ಲ ಎಂಬ ಮಾತು ಸುಳ್ಳು. ಗರ್ಭಕೊರಳಿನ ಲೋಳೆ ಗಟ್ಟಿ ಇರುವುದರಿಂದ ತಡವಾಗಬಹುದು. ತೂಕ ತೀರಾ ಇಳಿದರೆ ಮುಟ್ಟೂ ಏರುಪೇರಾಗುತ್ತದೆ. ಕ್ರಿಯಾನ್ ಕ್ಯಾಪ್ಸೂಲ್ ಕೆಲಸಕ್ಕೆ ಬರುವುದು ತೂಕದ ವಿಷಯದಲ್ಲಿ. ಮೇದೋಜೀರಕದ ರಸ ಕರುಳಿಗೆ ಇಳಿಯದವರಿಗೆ ಕೊಬ್ಬು ಅರಗಿಸುವುದು ಇದರೊಳಗಿನ 25,000 ಯುನಿಟ್ ಲಿಪೇಸ್. ಬಸಿರಾದ ಮೇಲೂ ನಿಲ್ಲಿಸಬಾರದು.

ಔಷಧ ಒಳ್ಳೆಯದೇ. ಕೆಡಿಸುವುದು ಚೀಟಿಯ ಮೇಲಿನ ‘1-1-1’. ಇದು ಗಡಿಯಾರ ನೋಡಿ ನುಂಗುವ ಗುಳಿಗೆಯಲ್ಲ, ತಾಟು ನೋಡಿ ನುಂಗುವಂಥದ್ದು. ಜೋಳದ ರೊಟ್ಟಿಯಲ್ಲಿ ಕೊಬ್ಬು ಕಡಿಮೆ. ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧ ಕೊಬ್ಬೇ. ಎರಡು ಚಮಚ ಶೇಂಗಾ ಹಿಂಡಿ (ಚಟ್ನಿಪುಡಿ), ಜೊತೆಗೆ ಎಣಗಾಯಿ ಬಿದ್ದರೆ ಒಂದೇ ಕ್ಯಾಪ್ಸೂಲ್ ಸಾಲದೇ ಹೋಗಬಹುದು. ಬಾಳೆಹಣ್ಣಿಗೆ ಬೇಡ, ಒಂದು ಲೋಟ ಗಟ್ಟಿ ಹಾಲಿಗೆ ಬೇಕು. ಮೇಲಿನ ಮಿತಿ ಕಿಲೊ ತೂಕಕ್ಕೆ ಊಟಕ್ಕೆ 2,500, ದಿನಕ್ಕೆ 10,000 ಯುನಿಟ್: 60 ಕಿಲೊ ಇದ್ದವರಿಗೆ ಊಟಕ್ಕೆ 6, ದಿನಕ್ಕೆ 24 ಕ್ಯಾಪ್ಸೂಲ್. ಅದರೊಳಗೆ ಎಷ್ಟು ಎಂದು ಡಾಕ್ಟರು, ಡಯಟಿಷಿಯನ್ ಕೂಡಿ ಗೊತ್ತುಮಾಡಬೇಕು. ಕುಬಸದ (ಸೀಮಂತದ) ಊಟ ಹೋಳಿಗೆ-ತುಪ್ಪದೊಂದಿಗೆ ಉದ್ದಕ್ಕೆ ಸಾಗುತ್ತದೆ. ಅಲ್ಲಿ ಅರ್ಧ ಮೊದಲ ತುತ್ತಿಗೆ, ಉಳಿದರ್ಧ ನಡುವೆ.

ವಾಕರಿಕೆಯಲ್ಲಿ ನುಂಗಲಾಗದಿದ್ದರೆ ಕ್ಯಾಪ್ಸೂಲ್ ಬಿಚ್ಚಿ, ಒಳಗಿನ ಸಣ್ಣ ಕಂದು ಕಾಳುಗಳನ್ನು ಒಂದು ಚಮಚ ಹುಳಿ ಮೊಸರಿಗೆ ಹಾಕಿ, ಅಗಿಯದೆ ನುಂಗಿ, ಮೇಲೆ ನೀರು ಕುಡಿಯಿರಿ. ಕಾಳನ್ನು ಹಾಲಿಗೆ, ಬಿಸಿ ಅನ್ನಕ್ಕೆ ಬೆರೆಸುವುದು ಬೇಡವೇ ಬೇಡ. ಕಾಳಿನ ಹೊದಿಕೆ ಮೊದಲೇ ಕರಗಿದರೆ ಲಿಪೇಸ್ ಹೊಟ್ಟೆಯ ಆಮ್ಲದಲ್ಲೇ ಸಾಯುತ್ತದೆ. ಕಾಳು ಒಸಡಿನ ಸಂದಿಯಲ್ಲಿ ಉಳಿದರೆ ಬಾಯಿ ಹುಣ್ಣಾಗಬಹುದು.

ವಿಜಯಪುರದ ಮೇ ತಿಂಗಳ ಬಿಸಿಲಿಗೆ ಒಲೆ ಪಕ್ಕದ ಮಾಡವಾಗಲಿ, ಕಾರಿನ ಡ್ಯಾಶ್‌ಬೋರ್ಡಾಗಲಿ ಬಾಟಲಿಗೆ ಜಾಗವಲ್ಲ. ಇದು ಹಂದಿಯ ಮೇದೋಜೀರಕದಿಂದ ತೆಗೆದದ್ದು ಎಂಬುದನ್ನೂ ಮೊದಲೇ ಹೇಳಿಬಿಡಬೇಕು. ಆರನೇ ತಿಂಗಳಲ್ಲಿ ಯಾರಿಂದಲೋ ಕೇಳಿ ಬಿಟ್ಟುಬಿಟ್ಟರೆ ತಾಯಿ-ಮಗು ಇಬ್ಬರೂ ಸೊರಗುತ್ತಾರೆ.

ಮಲ ಎಣ್ಣೆಯಾಗಿ ತೇಲುತ್ತಿದ್ದರೆ, ನಾತ ವಿಪರೀತವಿದ್ದರೆ, ತೂಕ ಏರದಿದ್ದರೆ ಡೋಸು ಸಾಲುತ್ತಿಲ್ಲ ಎಂದೇ ಅನುಮಾನಿಸಿ. ಇದನ್ನು ‘ಬಸಿರಿನ ಗ್ಯಾಸ್’ ಎಂದು ತಳ್ಳಿಹಾಕಬೇಡಿ. ಹೊಟ್ಟೆಯ ಬಲಗಡೆ ಕೆಳಗೆ ನೋವು, ವಾಂತಿ, ಮಲವೂ ಕಟ್ಟಿದ್ದರೆ ಕರುಳು ಕಟ್ಟಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ.