ಒಕವಾಂಗೊದಿಂದ ಕಲಹರಿಯವರೆಗೆ: ಡೇರೆ ಸಫಾರಿಯ ವಿಮರ್ಶೆ

ಬೋಟ್ಸ್ವಾನಾದ ಮೌನ್ ಪಟ್ಟಣದಿಂದ ಹೊರಟು ಮೊರೆಮಿ ಅಭಯಾರಣ್ಯ, ಖ್ವಾಯ್ ನದೀತೀರ ಹಾಗೂ ಮಧ್ಯ ಕಲಹರಿ ಮರುಭೂಮಿಯನ್ನು ತೋರಿಸುವ ಈ ಸಫಾರಿಯ ನಿಜವಾದ ಬಲವೆಂದರೆ ಅದರ ಮಾರ್ಗದರ್ಶಕರು. ಅಂಗೋಲಾದ ಎತ್ತರದ ನಾಡಿನಲ್ಲಿ ಸುರಿದ ಮಳೆನೀರು ತಿಂಗಳುಗಟ್ಟಲೆ ನಿಧಾನವಾಗಿ ಹರಿದುಬಂದು, ಇಲ್ಲಿ ಮಳೆಯೇ ಇಲ್ಲದ ಜೂನ್–ಆಗಸ್ಟ್ ಅವಧಿಯಲ್ಲಿ ಒಕವಾಂಗೊ ಜೌಗುಪ್ರದೇಶವನ್ನು ತುಂಬುತ್ತದೆ, ಸಮುದ್ರವನ್ನು ಸೇರದೆ ಬಹುಪಾಲು ಆವಿಯಾಗಿ ಹೋಗುತ್ತದೆ ಎಂಬುದನ್ನು ಮೊಕೊರೊ ದೋಣಿಯಲ್ಲಿ ಕುಳಿತು ಅವರು ವಿವರಿಸಿದಾಗ, 2014ರಲ್ಲಿ ಈ ತಾಣಕ್ಕೆ ವಿಶ್ವ ಪರಂಪರೆಯ ಮಾನ್ಯತೆ ದೊರೆತದ್ದು ಎಷ್ಟು ಸಹಜವೆಂದು ನನಗೆ ಮನವರಿಕೆಯಾಯಿತು.

ಶಿಬಿರಗಳಿಗೆ ಬೇಲಿಯಿಲ್ಲ. ರಾತ್ರಿ ಆನೆ, ಕತ್ತೆಕಿರುಬಗಳು ಡೇರೆಗಳ ನಡುವೆಯೇ ಸಾಗಬಹುದಾದ್ದರಿಂದ ಚಿಕ್ಕ ಮಕ್ಕಳಿರುವ ಕುಟುಂಬಗಳಿಗೆ ಇದನ್ನು ಶಿಫಾರಸು ಮಾಡಲಾರೆ. ಊಟ ಸರಳವಾಗಿದ್ದು ಚೆನ್ನಾಗಿತ್ತು. ಸಸ್ಯಾಹಾರಿಗಳು ಕಾಯ್ದಿರಿಸುವಾಗಲೇ ತಿಳಿಸಬೇಕು.

ಆದರೆ ಆಯೋಜಕರು ಕೊಟ್ಟ ಹೊದಿಕೆಗಳು ಕಲಹರಿಯ ಚಳಿಗಾಲದ (ಅಲ್ಲಿ ಜೂನ್–ಆಗಸ್ಟ್) ರಾತ್ರಿಗೆ ಏನೇನೂ ಸಾಲವು. ಅಲ್ಲಿ ಉಷ್ಣಾಂಶ ಸೊನ್ನೆಯ ಸಮೀಪಕ್ಕೆ ಇಳಿಯುತ್ತದೆ. ಮಧ್ಯ ಕಲಹರಿಯ ಡಿಸೆಪ್ಷನ್ ಕಣಿವೆಯ ಒಣ ನದೀಪಾತ್ರದಲ್ಲಿ ಜಿಂಕೆಗಳ ಹಿಂಡುಗಳು ಸೇರುವುದು ಮಳೆಯ ನಂತರ, ಜನವರಿಯಿಂದ ಏಪ್ರಿಲ್‌ವರೆಗೆ. ಆದುದರಿಂದ ಮರುಭೂಮಿಯೇ ಮುಖ್ಯ ಗುರಿಯಾಗಿರುವವರು ಆ ತಿಂಗಳುಗಳ ಪ್ರವಾಸವನ್ನು ಆರಿಸಿಕೊಳ್ಳುವುದು ಒಳ್ಳೆಯದು.