75 ಸಾವಿರ ಉಳಿಸಿ ತಂದ ಮಿನಿ ಟ್ರ್ಯಾಕ್ಟರ್: ನಾಲ್ಕು ವರ್ಷದ ಮೇಲೆ

ಗೋಣಿಕೊಪ್ಪದ ಹತ್ತಿರ ನಮ್ಮದು 9 ಎಕರೆ ರೋಬಸ್ಟಾ ಕಾಫಿ ತೋಟ, ಕೆಳಗೆ ಒಂದೂವರೆ ಎಕರೆ ಗದ್ದೆ. 2021ರಲ್ಲಿ ಈ ಫೋರ್ ವೀಲ್ ಡ್ರೈವ್ ಮಿನಿ ಟ್ರ್ಯಾಕ್ಟರ್ ತಂದೆ. ಊರಲ್ಲೆಲ್ಲ ಓಡುವ ಕಂಪನಿಯದ್ದಕ್ಕಿಂತ 75 ಸಾವಿರ ಕಡಿಮೆ. ಸಾಲ ಅಷ್ಟಕ್ಕೇ ಸಿಕ್ಕಿತ್ತು ಅನ್ನುವುದೂ ನಿಜ. ಎಚ್‌ಪಿ, ಗೇರು ಎಲ್ಲ ಶೋರೂಮಿನ ಹಾಳೆಯಲ್ಲೇ ಇರುತ್ತದೆ, ಬಿಡಿ.

2022ರ ಜುಲೈ. ನಾಟಿಗೆ ಗದ್ದೆ ಕೆಸರು ಮಾಡುವಾಗ ಮುಂದಿನ ಎಡ ಚಕ್ರದಿಂದ ಎಣ್ಣೆ ಸೋರಿತು. ಆಯಿಲ್ ಸೀಲ್ ಹೋಗಿತ್ತು. ಬಳೆಯಷ್ಟು ದೊಡ್ಡ ರಬ್ಬರ್, 400 ರೂಪಾಯಿಯೂ ಇಲ್ಲ. ಅದು ಗೋಣಿಕೊಪ್ಪದಲ್ಲಿ ಇಲ್ಲ, ಕುಶಾಲನಗರದಲ್ಲೂ ಇಲ್ಲ. ಡೀಲರ್ ದಿನಾ "ನಾಳೆ ಬರ್ತದೆ ಸಾರ್" ಅನ್ನುತ್ತಲೇ 11 ದಿನ ಕಳೆದ. ಬಾಡಿಗೆ ಟ್ರ್ಯಾಕ್ಟರಿಗೆ ನನಗಿಂತ ಮುಂದೆ ನಾಲ್ಕು ಜನ. ಅತ್ತ ಸಸಿಮಡಿಯಲ್ಲಿ ಅಗೆ, ಅಂದರೆ ಭತ್ತದ ಸಸಿ, ಬಲಿಯುತ್ತಿತ್ತು. ಬಲಿತ ಅಗೆ ನೆಟ್ಟರೆ ಬುಡದಲ್ಲಿ ತೆಂಡೆ (ಮರಿ ಕವಲು) ಸರಿಯಾಗಿ ಒಡೆಯುವುದಿಲ್ಲ ಅಲ್ವಾ. "ಉಳಿಸಿದ ದುಡ್ಡನ್ನೇ ಗದ್ದೆಗೆ ಇಳಿಸಿ ಉಳುಮೆ ಮಾಡಿ" ಅಂದಳು ಹೆಂಡತಿ. ಆ ವಾರ ಯಾರಾದರೂ ಕೇಳಿದ್ದರೆ ಸಿಕ್ಕ ಬೆಲೆಗೆ ಕೊಟ್ಟುಬಿಡುತ್ತಿದ್ದೆ.

ಕೊಡದಿದ್ದದ್ದೇ ಒಳ್ಳೆಯದಾಯಿತು. ಫೆಬ್ರವರಿಯಲ್ಲಿ ಮೊಗ್ಗು ಬಲಿತಾಗ ಕಾಫಿಗೆ ಹೂವಿನ ನೀರು ಹಾಕಬೇಕು. ಎರಡು ಮೂರು ವಾರದಲ್ಲಿ ಕಾಯಿ ಕಚ್ಚಲು ಇನ್ನೊಂದು ಸಲ, ಅದು ಬ್ಯಾಕಿಂಗ್ ನೀರು. ಆ ದಿನಗಳಲ್ಲಿ ಪಂಪ್ ನಿಂತರೆ ವರ್ಷದ ಫಸಲೇ ಕೈಬಿಟ್ಟ ಹಾಗೆ. ನನ್ನ ಸ್ಪ್ರಿಂಕ್ಲರ್ ಪಂಪ್ ಓಡುವುದು ಇದರ ಪಿಟಿಓದಿಂದ, ಅಂದರೆ ಇಂಜಿನ್ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡುವ ಹಿಂದಿನ ಶಾಫ್ಟಿನಿಂದ. ಕೆರೆ ಏರಿಯ ಮೇಲೆ ನಿಲ್ಲಿಸಿ ಸಂಜೆ ಶುರು ಮಾಡಿದರೆ ಬೆಳಗಿನವರೆಗೆ ಒಂದೇ ಸದ್ದು. ನಾನು ಮನೆಯಲ್ಲಿ ಮಲಗಿಯೇ ಕೇಳುತ್ತಿರುತ್ತೇನೆ. ಸದ್ದು ಸ್ವಲ್ಪ ಬದಲಾದರೂ ಎಚ್ಚರವಾಗುತ್ತದೆ. ಆನೆ ಕಾಟ ಇರುವ ಕಡೆ ರಾತ್ರಿ ಟಾರ್ಚ್ ಹಿಡಿದು ಕೆರೆಗೆ ಹೋಗುವುದು ಯಾರಿಗೆ ಬೇಕು? ನಾಲ್ಕು ಬೇಸಿಗೆಯಲ್ಲಿ ಒಂದು ರಾತ್ರಿಯೂ ಹೋಗುವ ಹಾಗೆ ಮಾಡಲಿಲ್ಲ.

ಬೆಳಿಗ್ಗೆ ಕಾಫಿ ಲೋಟ ಬಾನೆಟ್ ಮೇಲಿಟ್ಟು, ಹಳೇ ಪಂಚೆ ತುಂಡಲ್ಲಿ ಡಿಪ್‌ಸ್ಟಿಕ್ ಒರೆಸಿ ಎಣ್ಣೆ ನೋಡುತ್ತೇನೆ. ರೇಡಿಯೇಟರ್ ಜಾಲರಿಗೆ ಸಿಕ್ಕಿದ ಸಿಲ್ವರ್ ಓಕ್ ಎಲೆ ಕೀಳುತ್ತೇನೆ. ಇದನ್ನು ಡ್ರೈವರಿಗೆ ಬಿಟ್ಟಿಲ್ಲ. ಕೊಡವರ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ಇಟ್ಟು ಉಳಿದ ತೋಕ್ ಪೂ (ಕೋವಿ ಹೂವು) ಇದರ ಸ್ಟೇರಿಂಗಿಗೂ.

ಈಗ ಕೊಳ್ಳುವವರಿಗೆ ಲೆಕ್ಕ ಬೇರೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಗದ್ದೆಯೇ ಜಾಸ್ತಿ ಇದ್ದರೆ ದುಬಾರಿಯದ್ದನ್ನೇ ತಗೊಳ್ಳಿ. ತೋಟಕ್ಕಾದರೆ ಇದು ಸಾಕು, ಆದರೆ ಅಡ್ವಾನ್ಸ್ ಕೊಡುವ ಮೊದಲು ಸುಮ್ನೆ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಆಯಿಲ್ ಸೀಲ್ ಕೇಳಿ ನೋಡಿ. ನಾನು ಆಮೇಲೆ ಎರಡು ಜೊತೆ ತಂದು ಶೆಡ್ಡಿನ ಮೊಳೆಗೆ ನೇತುಹಾಕಿದೆ. ಅವತ್ತಿನಿಂದ ಒಂದೂ ಹೋಗಿಲ್ಲ.